ಎಫ್ 4 ಒತ್ತಿದ್ರೆ ಬೇರೆ ಫೀಲ್ಡಿನ ಲಿಸ್ಟ್ ಬರ್ತಿದ್ಯಾ? ಎಎಸ್/400 ಸ್ಕ್ರೀನಲ್ಲಿ ಕರ್ಸರ್ ಎಲ್ಲಿದೆ ಅಂತ ಹಿಡಿಯೋದು

ಬೆಳಿಗ್ಗೆ ಹತ್ತೂಕಾಲು, ಗೋಡೌನಲ್ಲಿ ಲಾರಿ ಲೋಡಿಂಗ್ ನಡೀತಿರೋ ಹೊತ್ತು, ಆರ್ಡರ್ ಎಂಟ್ರಿ ಕೌಂಟರಲ್ಲಿ ಕೂರೋ ಮೇಡಂ ಫೋನ್ ಮಾಡಿದ್ರು. "ಸರ್, ಐಟಂ ಕೋಡ್ ಮೇಲೆ ಕರ್ಸರ್ ಇಟ್ಟು ಎಫ್ 4 ಒತ್ತಿದ್ರೆ ಕಸ್ಟಮರ್ ಲಿಸ್ಟ್ ಓಪನ್ ಆಗ್ತಿದೆ, ಇನ್ನೊಂದ್ ಆರ್ಡರಲ್ಲಿ ಸೇಲ್ಸ್‌ಮನ್ ಲಿಸ್ಟ್ ಬಂತು, ಈಗ ಮಾಡ್ತಿರೋದ್ರಲ್ಲಿ ಏನೂ ಬರ್ತಾ ಇಲ್ಲ." ಎಫ್ 4 ಅಂದ್ರೆ ಕರ್ಸರ್ ಇರೋ ಫೀಲ್ಡಿಗೆ ಹಾಕಬಹುದಾದ ಕೋಡ್‌ಗಳ ಲಿಸ್ಟ್ ತೋರಿಸಬೇಕಾದ ಕೀ. ಒಂದೇ ಕೀ, ಒಂದೇ ಫೀಲ್ಡ್, ಮೂರು ಥರ ಉತ್ತರ. ಇಂಥ ಕಂಪ್ಲೇಂಟ್ ಕೇಳಿದ ತಕ್ಷಣ ಕೀಬೋರ್ಡ್ ಮ್ಯಾಪಿಂಗ್ ಸರಿ ಇಲ್ವೇನೋ, ಎಮ್ಯುಲೇಟರ್ (ಪಿಸಿಯಲ್ಲಿ ಟರ್ಮಿನಲ್ ಥರ ಕೆಲಸ ಮಾಡೋ ಸಾಫ್ಟ್‌ವೇರ್) ಹಾಳಾಗಿದ್ಯೇನೋ, ಸೈನ್‌ಆಫ್ ಮಾಡಿ ಮತ್ತೆ ಬನ್ನಿ ಅಂತ ಹೇಳೋಕೆ ಬಾಯಿಗೆ ಬರತ್ತೆ, ದಯವಿಟ್ಟು ಹಾಗೆ ಹೇಳಬೇಡಿ. ಇಂಥ ಕೇಸಲ್ಲಿ ಟರ್ಮಿನಲ್ ತಪ್ಪು ಹೇಳಿರೋದನ್ನ ನಾನಂತೂ ನೋಡಿಲ್ಲ, ಅದು ಹೇಳಿದ ಉತ್ತರವನ್ನ ನಮ್ಮ ಪ್ರೋಗ್ರಾಂ ಬೇರೆ ಜಾಗದಲ್ಲಿ ಹುಡುಕ್ತಾ ಇರತ್ತೆ.

ಮೊದಲು ಒಳಗೆ ಏನು ನಡೆಯತ್ತೆ ಅಂತ ಒಂದ್ ನಿಮಿಷ ನೋಡೋಣ, ಯಾಕಂದ್ರೆ ಇದು ಗೊತ್ತಿದ್ರೆ ಮುಂದಿನದ್ದೆಲ್ಲ ಸಲೀಸು. ಐಬಿಎಂ ಕಂಪನಿಯ ಈ ಬಿಸಿನೆಸ್ ಕಂಪ್ಯೂಟರ್ 1988ರಲ್ಲಿ ಎಎಸ್/400 ಅಂತ ಬಂತು, 2008ರಿಂದ ಅದರ ಆಪರೇಟಿಂಗ್ ಸಿಸ್ಟಮ್‌ನ ಹೆಸರು ಐಬಿಎಂ ಐ, ಆದ್ರೂ ನಾವೆಲ್ಲ ಇನ್ನೂ ಎಎಸ್/400 ಅಂತಲೇ ಕರೆಯೋದು. ಇದರ 5250 ಟರ್ಮಿನಲ್ ಈಗಿನ ಕೆಲವು ವೆಬ್ ಪೇಜ್ ಥರ ಒಂದೊಂದು ಅಕ್ಷರಕ್ಕೂ ಸರ್ವರ್ ಜೊತೆ ಮಾತಾಡಲ್ಲ, ನೀವು ಟೈಪ್ ಮಾಡಿದ್ದೆಲ್ಲ ಸ್ಕ್ರೀನಲ್ಲೇ ಇರತ್ತೆ, ಎಂಟರ್ ಅಥವಾ ಯಾವುದಾದ್ರೂ ಫಂಕ್ಷನ್ ಕೀ ಒತ್ತಿದಾಗ ಮಾತ್ರ ಒಂದೇ ಸಲ ಕಳಿಸತ್ತೆ. ಹಾಗೆ ಕಳಿಸೋವಾಗ ಎಲ್ಲಕ್ಕಿಂತ ಮುಂಚೆ ಹೋಗೋದು ಮೂರು ಬೈಟ್: ಕರ್ಸರ್ ಇರೋ ಸಾಲು, ಕಾಲಂ, ಆಮೇಲೆ ಯಾವ ಕೀ ಅನ್ನೋ ಕೋಡ್. ಡೇಟಾ ಅದರ ಹಿಂದೆ. ಅಂದ್ರೆ ಎಫ್ 4 ಒತ್ತಿದ ಕ್ಷಣದಲ್ಲಿ ಕರ್ಸರ್ ಎಲ್ಲಿತ್ತು ಅನ್ನೋದು ನಿಮ್ಮ ಪ್ರೋಗ್ರಾಂ ಕೇಳಲಿ ಬಿಡಲಿ ಸಿಸ್ಟಮ್‌ಗೆ ತಲುಪೇ ತಲುಪತ್ತೆ.

ಪ್ರೋಗ್ರಾಂಗೆ ಅದು ಸಿಗೋಕೆ ಎರಡು ದಾರಿ ಇದೆ. ಒಂದು ಕಚ್ಚಾ ದಾರಿ, ಫೈಲ್ ಇನ್ಫರ್ಮೇಶನ್ ಡೇಟಾ ಸ್ಟ್ರಕ್ಚರ್, ನಾವು ಇನ್ಫ್‌ಡಿಎಸ್ ಅನ್ನೋದು (ಸ್ಕ್ರೀನ್ ಓದಿದಾಗ ಸಿಸ್ಟಮ್ ವಿವರ ತುಂಬೋ ಮೆಮೊರಿ ಜಾಗ), ಅದರ 370–371ನೇ ಜಾಗದಲ್ಲಿ ಸಾಲು ಕಾಲಂ ಎರಡೂ ಇರತ್ತೆ, ಅದರ ಹಿಂದಿನ 369ರಲ್ಲಿ ಕೀ ಕೋಡ್. ಇನ್ನೊಂದು ಡಿಡಿಎಸ್‌ನಲ್ಲಿ, ಅಂದ್ರೆ ಸ್ಕ್ರೀನ್ ಲೇಔಟ್ ಬರೆಯೋ ಭಾಷೆಯಲ್ಲಿ, ರಿಟರ್ನ್ ಕರ್ಸರ್ ಲೊಕೇಶನ್ ಕೀವರ್ಡ್, ಸ್ಪೆಲ್ ಮಾಡಿದ್ರೆ ಆರ್‌ಟಿಎನ್‌ಸಿಎಸ್‌ಆರ್‌ಎಲ್‌ಒಸಿ. ಇದನ್ನ ರೆಕಾರ್ಡ್ (ಸ್ಕ್ರೀನಿನ ಒಂದು ಭಾಗದ ಫೀಲ್ಡ್‌ಗಳ ಗುಂಪು) ಲೆವೆಲಲ್ಲಿ ಹಾಕಿ, ಅದೇ ರೆಕಾರ್ಡಲ್ಲಿ 10 ಅಕ್ಷರದ ಎರಡು ಹಿಡನ್ (ಸ್ಕ್ರೀನಲ್ಲಿ ಕಾಣದ) ಫೀಲ್ಡ್ ಕೊಟ್ರೆ ಕರ್ಸರ್ ಯಾವ ರೆಕಾರ್ಡಲ್ಲಿದೆ, ಯಾವ ಫೀಲ್ಡಲ್ಲಿದೆ ಅಂತ ಹೆಸರೇ ಬರತ್ತೆ, ಬೇಕಿದ್ರೆ ಮೂರನೇದಾಗಿ 4 ಅಂಕಿಯ ನ್ಯೂಮರಿಕ್ ಫೀಲ್ಡ್ ಕೊಟ್ರೆ ಆ ಫೀಲ್ಡಿನೊಳಗೆ ಎಷ್ಟನೇ ಅಕ್ಷರ ಅನ್ನೋದೂ ಸಿಗತ್ತೆ. ಹೊಸದಾಗಿ ಬರೆಯೋ ಸ್ಕ್ರೀನ್‌ಗೆ ನನ್ನ ಓಟು ಯಾವತ್ತೂ ಈ ಎರಡನೇದಕ್ಕೇ, ಆದ್ರೆ ತೊಂದ್ರೆ ಹುಡುಕೋವಾಗ ಎರಡೂ ಬೇಕು, ಯಾಕೆ ಅಂತ ಈಗ ಹೇಳ್ತೀನಿ.

ನಾನು ಮೇಡಂಗೆ ಮೊದಲು ಕೇಳಿದ್ದು ಇಷ್ಟೇ. "ಎಫ್ 4 ಒತ್ತೋಕೆ ಮುಂಚೆ ಕಿಟಕಿಯ ಕೆಳಗಡೆ ಬಲಮೂಲೆಯಲ್ಲಿ ಒಂದು ನಂಬರ್ ಇರತ್ತೆ, ನಡುವೆ ಓರೆ ಗೆರೆ, ಅದನ್ನ ಓದಿ ಹೇಳಿ ಮೇಡಂ." "12/031 ಅಂತಿದೆ ಸರ್." ಇದು ಎಮ್ಯುಲೇಟರೇ ತೋರಿಸೋ ಸಾಲು ಮತ್ತು ಕಾಲಂ, 12ನೇ ಸಾಲು, 31ನೇ ಕಾಲಂ. ಸ್ಕ್ರೀನ್ ಲೇಔಟ್ ತೆಗೆದು ನೋಡಿದೆ, ಆ ಜಾಗದಲ್ಲಿರೋದು ಐಟಂ ಕೋಡೇ. ಅಲ್ಲಿಗೆ ಮೇಡಂ ಹೇಳ್ತಿರೋದು ನೂರಕ್ಕೆ ನೂರು ಸರಿ ಅಂತಾಯ್ತು, ಬಳಸೋರ ಮೇಲೆ ಅನುಮಾನ ಪಡೋ ಕೆಲಸ ಅಲ್ಲಿಗೇ ಮುಗೀತು.

ಆಮೇಲೆ ಟೆಸ್ಟ್ ಲೈಬ್ರರಿಯಲ್ಲಿ ಪ್ರೋಗ್ರಾಂನ ಡಿಬಗ್‌ಗೆ ಹಾಕಿ, ಎಕ್ಸ್‌ಎಫ್‌ಎಂಟಿ (ಸ್ಕ್ರೀನ್ ತೋರಿಸಿ, ಕೀ ಒತ್ತಿದ ಮೇಲೆ ಓದೋ ಆಜ್ಞೆ) ಸಾಲಿನ ಸರಿಯಾಗಿ ಮುಂದಿನ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟೆ, ಅಂದ್ರೆ ಪ್ರೋಗ್ರಾಂ ಅಲ್ಲಿ ಬಂದು ನಿಲ್ಲೋ ಹಾಗೆ. ಇದು ಮುಖ್ಯ, ಐದಾರು ಸಾಲು ಕೆಳಗೆ ಇಟ್ರೆ ಅಷ್ಟರಲ್ಲಿ ಇನ್ನೊಂದು ರೈಟ್ ಅಥವಾ ರೀಡ್ ಆಗಿ ಬೆಲೆ (ವ್ಯಾಲ್ಯೂ) ಬದಲಾಗಿರಬಹುದು. ಇನ್ಫ್‌ಡಿಎಸ್‌ನ 370–371ರ ಬೆಲೆ ಎರಡು ಬೈಟ್ ಇಂಟಿಜರ್ ಆಗಿ 3103 ಅಂತ ಬಂತು. ಮೇಲಿನ ಬೈಟ್ ಸಾಲು, ಕೆಳಗಿನ ಬೈಟ್ ಕಾಲಂ, ಹಾಗಾಗಿ 256ರಿಂದ ಭಾಗಿಸಿದ್ರೆ ಭಾಗಲಬ್ಧ 12, ಶೇಷ 31. ಮೇಡಂ ಓದಿದ್ದೂ 12/031, ಸಿಸ್ಟಮ್ ಹೇಳ್ತಿರೋದೂ ಅದೇ. 369ರಲ್ಲಿ ಹೆಕ್ಸ್ 34, ಅಂದ್ರೆ ಎಫ್ 4. (ಎಂಟರ್ ಒತ್ತಿದ್ರೆ ಇಲ್ಲಿ ಹೆಕ್ಸ್ ಎಫ್1 ಬರತ್ತೆ, ಅದನ್ನ ನೋಡಿ ಎಫ್ 1 ಕೀ ಒತ್ತಿದಾರೆ ಅನ್ಕೋಬೇಡಿ, ಎಫ್ 1 ಕೀಗೆ ಹೆಕ್ಸ್ 31.) ಇನ್ನು ಕೀವರ್ಡ್ ತುಂಬಿಸಬೇಕಾದ ಹಿಡನ್ ಫೀಲ್ಡ್ ನೋಡಿದ್ರೆ ಅದರಲ್ಲಿ ಐಟಂ ಫೀಲ್ಡಿನ ಹೆಸರು ಇರಲಿಲ್ಲ, ಕಸ್ಟಮರ್ ನಂಬರ್ ಫೀಲ್ಡಿನ ಹೆಸರಿತ್ತು. ಕಸ್ಟಮರ್ ನಂಬರ್ ಇರೋದು ಹಿಂದಿನ ಪುಟದಲ್ಲಿ, ಈ ಪುಟದಲ್ಲಿ ಆ ಫೀಲ್ಡೇ ಇಲ್ಲ.

ಮೂಲೆಯ ನಂಬರ್, 370ರ ಬೆಲೆ, ಫೀಲ್ಡ್ ಹೆಸರು, ಈ ಮೂರೂ ಒಂದೇ ಜಾಗವನ್ನ ತೋರಿಸಬೇಕು. ಎಲ್ಲಿ ಮೊದಲು ದಾರಿ ತಪ್ಪತ್ತೋ ದೋಷ ಅಲ್ಲೇ ಇದೆ. ಮೊದಲ ಎರಡು ಹೊಂದಿ ಮೂರನೇದು ಹೊಂದದೇ ಇದ್ರೆ ಡಿಡಿಎಸ್ ಅಥವಾ ಪ್ರೋಗ್ರಾಂ. ಮೊದಲೆರಡೇ ಹೊಂದದಿದ್ರೆ 370ನ್ನ ಓದಿರೋ ರೀತಿ ತಪ್ಪು ಇಲ್ಲಾ ಓದಿರೋ ಹೊತ್ತು ತಪ್ಪು. ಮೂರೂ ಹೊಂದಿ ಲಿಸ್ಟ್ ಮಾತ್ರ ಬೇರೆ ಬಂದ್ರೆ ಯಾವ ಫೀಲ್ಡಿಗೆ ಯಾವ ಲಿಸ್ಟ್ ಅಂತ ಆರಿಸೋ ನಿಮ್ಮ ಸೆಲೆಕ್ಟ್–ವೆನ್ ಸಾಲುಗಳನ್ನ ನೋಡಿ.

ನಮ್ಮ ಕೇಸಲ್ಲಿ ಆಗಿದ್ದು ಇದು. ಹಿಂದಿನ ವಾರದವರೆಗೆ ಆರ್ಡರ್ ಹೆಡರ್ ಮತ್ತು ಐಟಂ ಸಾಲುಗಳು ಎರಡೂ ಒಂದೇ ಪುಟದಲ್ಲಿದ್ವು, ಸಾಲುಗಳಿಗೆ ಜಾಗ ಸಾಲ್ತಿಲ್ಲ ಅಂತ ಹೆಡರ್ ಒಂದು ಪುಟ, ಸಬ್‌ಫೈಲ್ (ಐಟಂ ಸಾಲುಗಳ ಪಟ್ಟಿ) ಇನ್ನೊಂದು ಪುಟ ಅಂತ ಒಡೆದ್ವಿ. ಕರ್ಸರ್ ಕೀವರ್ಡ್ ಹೆಡರ್ ರೆಕಾರ್ಡಲ್ಲೇ ಉಳೀತು, ಆ ಪಟ್ಟಿಯನ್ನ ನಡೆಸೋ ಸಬ್‌ಫೈಲ್ ಕಂಟ್ರೋಲ್ ರೆಕಾರ್ಡ್‌ಗೆ ಹಾಕಲೇ ಇಲ್ಲ. ಆ ಹಿಡನ್ ಫೀಲ್ಡ್ ತುಂಬೋದು ಕೀವರ್ಡ್ ಇರೋ ರೆಕಾರ್ಡನ್ನ ಓದಿದಾಗ ಮಾತ್ರ, ಬೇರೆ ರೆಕಾರ್ಡ್ ಓದಿದ್ರೆ ಅದರಲ್ಲಿ ಹಳೇ ಬೆಲೆ ಹಾಗೇ ಕೂತಿರತ್ತೆ. ಹಾಗಾಗಿ ಮೇಡಂ ಹೆಡರ್ ಪುಟದಲ್ಲಿ ಎಂಟರ್ ಒತ್ತೋವಾಗ ಕರ್ಸರ್ ಕಸ್ಟಮರ್ ಮೇಲಿದ್ರೆ ಮುಂದಿನ ಪುಟದಲ್ಲಿ ಎಫ್ 4ಗೆ ಕಸ್ಟಮರ್ ಲಿಸ್ಟ್, ಸೇಲ್ಸ್‌ಮನ್ ಮೇಲಿದ್ರೆ ಸೇಲ್ಸ್‌ಮನ್ ಲಿಸ್ಟ್, ಡೆಲಿವರಿ ಡೇಟ್ ಮೇಲಿದ್ರೆ ಅದಕ್ಕೆ ಲಿಸ್ಟೇ ಇಲ್ಲದ ಕಾರಣ ಏನೂ ಇಲ್ಲ. ಮೂರು ಥರ ಉತ್ತರ ಬಂದಿದ್ದು ಈ ಕಾರಣಕ್ಕೆ. ರಿಲೀಸ್‌ಗೆ ಮುಂಚೆ ನಾವು ಹೆಡರಿನ ಎರಡು ಫೀಲ್ಡಲ್ಲಿ ಎಫ್ 4 ಒತ್ತಿ ನೋಡಿ, ಸಾಲುಗಳ ಪುಟದಲ್ಲಿ ಗೊತ್ತಿರೋ ಕೋಡನ್ನೇ ಟೈಪ್ ಮಾಡಿ ಮುಂದಕ್ಕೆ ಹೋಗಿದ್ವಿ, ಕೌಂಟರಲ್ಲಿ ಕೂತೋರಿಗೆ ಸಾವಿರಾರು ಐಟಂ ಕೋಡ್ ಬಾಯಿಪಾಠ ಇರಲ್ಲ ಅನ್ನೋದು ನಮ್ಮ ತಲೆಗೆ ಬರಬೇಕಿತ್ತು.

ಸರಿಮಾಡಿದ್ದು ಹೀಗೆ: ಕಂಟ್ರೋಲ್ ರೆಕಾರ್ಡ್‌ಗೂ ಅದೇ ಕೀವರ್ಡ್, ಅದೇ ಎರಡು ಹಿಡನ್ ಫೀಲ್ಡ್ ಸೇರಿಸಿ, ಡಿಸ್‌ಪ್ಲೇ ಫೈಲ್ ಕಂಪೈಲ್, ಆಮೇಲೆ ಪ್ರೋಗ್ರಾಂ ಕಂಪೈಲ್. ಈ ಎರಡನೇದು ಮರೆತ್ರೆ ಫೈಲ್ ಓಪನ್ ಆಗೋವಾಗಲೇ ಸಿಪಿಎಫ್4131 ಲೆವೆಲ್ ಚೆಕ್ (ಫೈಲಿನ ರೂಪ ಪ್ರೋಗ್ರಾಂಗೆ ಗೊತ್ತಿರೋದಕ್ಕೆ ಹೊಂದಲ್ಲ ಅನ್ನೋ ಎರರ್) ಬಂದು ನಿಲ್ಲತ್ತೆ, ಕೆಲವರು ಆಗ ಲೆವೆಲ್ ಚೆಕ್ ಆಫ್ ಮಾಡಿ ಓಡಿಸ್ತಾರೆ, ಅದು ಬಹಳ ತಪ್ಪು, ಬಫರ್ ಉದ್ದ ಬದಲಾಗಿರೋದ್ರಿಂದ ಫೀಲ್ಡ್‌ಗಳ ಬೆಲೆ ಅದಲುಬದಲಾಗತ್ತೆ. ಇನ್ನೊಂದು, ರೀಡ್ ಆದ ತಕ್ಷಣ ರೆಕಾರ್ಡ್ ಹೆಸರು, ಫೀಲ್ಡ್ ಹೆಸರು ಎರಡನ್ನೂ ಪ್ರೋಗ್ರಾಂನ ಸ್ವಂತ ವೇರಿಯಬಲ್‌ಗೆ ಕಾಪಿ ಮಾಡ್ಕೊಳ್ಳಿ. ಈ ಪ್ರೋಗ್ರಾಂಗಳ ಭಾಷೆಯಾದ ಆರ್‌ಪಿಜಿಯಲ್ಲಿ ಒಂದೇ ಹೆಸರಿನ ಫೀಲ್ಡ್ ನಾಲ್ಕು ರೆಕಾರ್ಡಲ್ಲಿದ್ರೂ ಸಾಮಾನ್ಯವಾಗಿ ಜಾಗ ಒಂದೇ, ಹಾಗಾಗಿ ಲಿಸ್ಟ್ ತೋರಿಸೋ ವಿಂಡೋ ರೆಕಾರ್ಡಲ್ಲೂ ಅದೇ ಹೆಸರಿನ ಹಿಡನ್ ಫೀಲ್ಡ್ ಇದ್ರೆ, ವಿಂಡೋ ಓದಿ ವಾಪಸ್ ಬರೋಷ್ಟರಲ್ಲಿ ನಿಮ್ಮ ಮೂಲ ಕರ್ಸರ್ ಹೆಸರು ಹೋಗಿರತ್ತೆ, ಆರಿಸಿದ ಐಟಂನ ಯಾವ ಫೀಲ್ಡ್‌ಗೆ ತುಂಬಬೇಕು ಅಂತಲೇ ಗೊತ್ತಾಗಲ್ಲ. ಮತ್ತೆ ಹೋಲಿಸೋವಾಗ ಫೀಲ್ಡ್ ಹೆಸರೊಂದನ್ನೇ ನೋಡಬೇಡಿ, ರೆಕಾರ್ಡ್ ಹೆಸರನ್ನೂ ಸೇರಿಸಿ ನೋಡಿ, ಒಂದೇ ಹೆಸರಿನ ಫೀಲ್ಡ್ ಹೆಡರಲ್ಲೂ ಫೂಟರಲ್ಲೂ ಇರೋ ಸ್ಕ್ರೀನ್ ಬೇಕಾದಷ್ಟಿವೆ.

ಇನ್ನು ಫೀಲ್ಡ್ ಹೆಸರು ಖಾಲಿ ಬರೋ ಕೇಸ್. ಕರ್ಸರ್ ಲೇಬಲ್ ಮೇಲಿದ್ರೆ, ಅಂದ್ರೆ "ಐಟಂ ಕೋಡ್" ಅಂತ ಬರೆದಿರೋ ಅಕ್ಷರಗಳ ಮೇಲೇ ಇದ್ರೆ, ಅದು ಕಾನ್‌ಸ್ಟಂಟ್, ಅದಕ್ಕೆ ಹೆಸರಿಲ್ಲ, ಹಾಗಾಗಿ ಖಾಲಿ ಬರತ್ತೆ, ಯಾವ ರೆಕಾರ್ಡಿಗೂ ಸೇರದ ಜಾಗದಲ್ಲಿದ್ರೆ ರೆಕಾರ್ಡ್ ಹೆಸರೂ ಖಾಲಿ. ಇದು ದೋಷ ಅಲ್ಲ, ಆದ್ರೆ ಖಾಲಿ ಬಂದಾಗ ಸುಮ್ಮನಿರೋ ಪ್ರೋಗ್ರಾಂ ಬಳಸೋರಿಗೆ ಕೆಟ್ಟುಹೋದ ಹಾಗೆ ಕಾಣತ್ತೆ. "ಈ ಜಾಗದಲ್ಲಿ ಲಿಸ್ಟ್ ಇಲ್ಲ, ಐಟಂ ಫೀಲ್ಡ್ ಮೇಲೆ ಕರ್ಸರ್ ಇಡಿ" ಅಂತ ಒಂದು ಮೆಸೇಜ್ ಕೊಡಿ, ಅರ್ಧ ಫೋನ್ ಕಾಲ್ ಅಲ್ಲೇ ಕಮ್ಮಿ ಆಗತ್ತೆ. ಔಟ್‌ಪುಟ್ ಫೀಲ್ಡ್‌ಗಳಿಗೆ ಹೆಸರಿರೋದ್ರಿಂದ ಅದರ ಮೇಲಿದ್ರೆ ಹೆಸರು ಬರತ್ತೆ, ಐಟಂ ವಿವರಣೆ ಮೇಲೆ ಎಫ್ 4 ಒತ್ತಿದ್ರೂ ಐಟಂ ಲಿಸ್ಟೇ ತೋರಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಬಳಸೋರು "ನಾನು ಐಟಂ ಮೇಲೇ ಇದ್ದೆ" ಅಂತ ಆಣೆ ಮಾಡಿ ಹೇಳ್ತಾರೆ, ಆದ್ರೆ ಮೇಲೆ ಹೇಳಿದ ಮೂರೂ ಪಕ್ಕದ ಕ್ವಾಂಟಿಟಿ ಫೀಲ್ಡನ್ನ ತೋರಿಸ್ತಿರತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆರಕ್ಷರದ ಫೀಲ್ಡಲ್ಲಿ ಆರನೇ ಅಕ್ಷರ ಟೈಪ್ ಮಾಡಿದ ಕ್ಷಣ 5250 ಕರ್ಸರನ್ನ ತಾನಾಗೇ ಮುಂದಿನ ಇನ್‌ಪುಟ್ ಫೀಲ್ಡಿಗೆ ಹಾರಿಸತ್ತೆ. ಕೋಡ್ ಪೂರ್ತಿ ಟೈಪ್ ಮಾಡಿ, ಸರಿನಾ ಅಂತ ನೋಡೋಕೆ ಎಫ್ 4 ಒತ್ತಿದ್ರೆ ಕರ್ಸರ್ ಆಗಲೇ ಕ್ವಾಂಟಿಟಿಗೆ ಹೋಗಿ ಕೂತಿದೆ. ಇದನ್ನ ಹಿಡಿಯೋಕೆ ನನಗೆ ಒಂದ್ಸಲ ಅರ್ಧ ದಿನ ಬೇಕಾಯ್ತು, ಯಾಕಂದ್ರೆ ನಾನು ಟೆಸ್ಟ್ ಮಾಡ್ತಿದ್ದಿದ್ದು ಎರಡೇ ಅಕ್ಷರ ಹೊಡೆದು. ಚೆಕ್ ಎಫ್‌ಇ, ಅಂದ್ರೆ ಫೀಲ್ಡ್ ಎಕ್ಸಿಟ್ ಕೊಟ್ರೆ ಮಾತ್ರ ಮುಂದಕ್ಕೆ ಅನ್ನೋ ಕೀವರ್ಡ್ ಹಾಕಬಹುದು, ಆದ್ರೆ ವರ್ಷಾನುಗಟ್ಟಲೆ ಒಂದೇ ಓಟದಲ್ಲಿ ಟೈಪ್ ಮಾಡಿ ಅಭ್ಯಾಸ ಆಗಿರೋ ಕೈಗೆ ಅದು ಹಿಂಸೆ, ಅವರನ್ನ ಕೇಳದೆ ಹಾಕಬೇಡಿ. ಲಿಸ್ಟೇ ಇಲ್ಲದ ಕ್ವಾಂಟಿಟಿ ಮೇಲೆ ಎಫ್ 4 ಬಂದ್ರೆ ಅದೇ ಸಾಲಿನ ಐಟಂ ಲಿಸ್ಟ್ ತೋರಿಸೋದು ನಾವು ಕೊನೆಗೆ ಒಪ್ಪಿಕೊಂಡ ದಾರಿ.

ಸಬ್‌ಫೈಲಲ್ಲಿ ಇನ್ನೊಂದು ಪದರ ಇದೆ. ಫೀಲ್ಡ್ ಹೆಸರು ಸರಿಯಾಗಿ ಬಂತು, ಆದ್ರೆ ಎಷ್ಟನೇ ಸಾಲು? ಹೆಸರು ಎಲ್ಲ ಸಾಲಿಗೂ ಒಂದೇ. ಇದಕ್ಕೆ ಕಂಟ್ರೋಲ್ ರೆಕಾರ್ಡಲ್ಲಿ ಸಬ್‌ಫೈಲ್ ಕರ್ಸರ್ ಆರ್‌ಆರ್‌ಎನ್ ಕೀವರ್ಡ್ (ಎಸ್‌ಎಫ್‌ಎಲ್‌ಸಿಎಸ್‌ಆರ್‌ಆರ್‌ಆರ್‌ಎನ್) ಹಾಕಿ 5 ಅಂಕಿಯ ಹಿಡನ್ ಫೀಲ್ಡ್ ಕೊಡಿ, ಕರ್ಸರ್ ಇರೋ ಸಾಲಿನ ರಿಲೇಟಿವ್ ರೆಕಾರ್ಡ್ ನಂಬರ್ ಬರತ್ತೆ, ಆ ನಂಬರಿಂದ ಚೈನ್ ಮಾಡಿ, ಅಂದ್ರೆ ನೇರವಾಗಿ ಆ ಸಾಲನ್ನೇ ಓದಿ. ಇಲ್ಲಿ ತುಂಬಾ ಜನ ಎಡವೋದು ರೀಡ್‌ಸಿ ಬಳಸಿ. ರೀಡ್‌ಸಿ ಕೊಡೋದು ಬದಲಾದ ಸಾಲುಗಳನ್ನ ಮಾತ್ರ, ಖಾಲಿ ಸಾಲಿನ ಮೇಲೆ ಏನೂ ಟೈಪ್ ಮಾಡದೆ ಎಫ್ 4 ಒತ್ತಿದ್ರೆ ಆ ಸಾಲು ಬದಲಾಗಿಲ್ಲ, ಹಾಗಾಗಿ ರೀಡ್‌ಸಿಗೆ ಸಿಗಲ್ಲ, ಇಲ್ಲಾ ಮೇಲೆಲ್ಲೋ ಟೈಪ್ ಮಾಡಿದ ಬೇರೆ ಸಾಲು ಸಿಕ್ಕಿ ಆರಿಸಿದ ಐಟಂ ಅಲ್ಲಿಗೆ ಹೋಗಿ ಕೂರತ್ತೆ. ತಪ್ಪು ಸಾಲಿಗೆ ತಪ್ಪು ಮಾಲು ಅಂದ್ರೆ ಲಾರಿ ವಾಪಸ್ ಬರೋ ವಿಷಯ, ಸ್ಕ್ರೀನಿನ ಸಣ್ಣ ತೊಂದ್ರೆ ಅಂತ ಬಿಡೋ ಹಾಗಿಲ್ಲ. ಚೈನ್ ಮಾಡಿ ಅಪ್‌ಡೇಟ್ ಮಾಡೋವಾಗ ಸಬ್‌ಫೈಲ್ ನೆಕ್ಸ್ಟ್ ಚೇಂಜ್ ಇಂಡಿಕೇಟರ್ (ಸಾಲು ಬದಲಾಗಿದೆ ಅಂತ ಗುರುತು ಮಾಡೋ ಆನ್–ಆಫ್ ಸ್ವಿಚ್) ಆನ್ ಮಾಡೋದನ್ನೂ ಮರೀಬೇಡಿ, ಇಲ್ದಿದ್ರೆ ಆಮೇಲೆ ಎಂಟರ್ ಒತ್ತಿದಾಗ ರೀಡ್‌ಸಿ ಲೂಪ್ ಆ ಸಾಲನ್ನ ಬಿಟ್ಟು ಮುಂದಕ್ಕೆ ಹೋಗತ್ತೆ.

ಎಫ್ 4 ಒತ್ತಿದ ತಕ್ಷಣ ಅಲ್ಲಿವರೆಗೂ ಟೈಪ್ ಮಾಡಿದ್ದೆಲ್ಲ ಮಾಯ ಆಗ್ತಿದ್ರೆ ಕೀನ ಸಿಎ04 ಅಂತ ಬರೆದಿರ್ತಾರೆ, ಸಿಎಫ್04 ಮಾಡಿ. ಸಿಎ ಅಂದ್ರೆ ಸ್ಕ್ರೀನಿನ ಡೇಟಾ ತರಲ್ಲ, ಎಫ್ 3, ಎಫ್ 12ಗೆ ಅದು ಸರಿ, ಪ್ರಾಂಪ್ಟ್‌ಗೆ, ಅಂದ್ರೆ ಎಫ್ 4 ಲಿಸ್ಟ್‌ಗೆ, ಸರಿ ಅಲ್ಲ. ಆದ್ರೆ ಸಿಎಫ್ ಮಾಡಿದ ಕೂಡ್ಲೇ ಇನ್ನೊಂದು ಕಂಪ್ಲೇಂಟ್ ಬರಬಹುದು, "ಎಫ್ 4 ಒತ್ತಿದ್ರೆ ತಪ್ಪು ವ್ಯಾಲ್ಯೂ ಅಂತ ಬೈಯ್ತಿದೆ" ಅಂತ. ಡಿಡಿಎಸ್‌ನಲ್ಲಿ ವ್ಯಾಲ್ಯೂಸ್, ರೇಂಜ್ ಥರ ಚೆಕ್ ಹಾಕಿದ್ರೆ ಸಿಎಫ್ ಕೀಗೆ ಅವು ಪ್ರೋಗ್ರಾಂಗಿಂತ ಮುಂಚೆಯೇ ನಡೆಯತ್ತೆ, ಕೋಡ್ ಗೊತ್ತಿಲ್ಲ ಅಂತ ಅರ್ಧ ಟೈಪ್ ಮಾಡಿ ಸಹಾಯ ಕೇಳಿದೋರಿಗೆ ಕೋಡ್ ತಪ್ಪು ಅಂತ ಉತ್ತರ ಸಿಗತ್ತೆ. ಪ್ರಾಂಪ್ಟ್ ಇರೋ ಫೀಲ್ಡಿನ ಚೆಕ್‌ಗಳನ್ನ ಪ್ರೋಗ್ರಾಂ ಒಳಗೆ ತನ್ನಿ, ಎಫ್ 4 ಆದ್ರೆ ಚೆಕ್ ಬೇಡ, ಎಂಟರ್ ಆದ್ರೆ ಬೇಕು.

ಹಳೇ ಪ್ರೋಗ್ರಾಂಗಳಲ್ಲಿ ಸಾಲು 7 ಆಗಿದ್ದು ಕಾಲಂ 24ರಿಂದ 29ರ ಒಳಗಿದ್ರೆ ಐಟಂ ಅಂತ ನೇರವಾಗಿ ನಂಬರ್ ಬರೆದಿರ್ತಾರೆ. ಲೇಔಟಲ್ಲಿ ಒಂದು ಸಾಲು ಸೇರಿಸಿದ್ರೆ ಸಾಕು, ಕೆಳಗಿನ ಎಲ್ಲ ಪ್ರಾಂಪ್ಟೂ ಒಂದು ಫೀಲ್ಡ್ ಜರುಗತ್ತೆ. ವಿಂಡೋ ಒಳಗಂತೂ ಇದು ನಿಲ್ಲೋದೇ ಇಲ್ಲ, ಯಾಕಂದ್ರೆ ವಿಂಡೋ ಜಾಗವನ್ನ ಡೀಫಾಲ್ಟ್ ಅಂತ ಬಿಟ್ಟಿದ್ರೆ ಕರ್ಸರ್ ಎಲ್ಲಿದ್ಯೋ ಅದನ್ನ ನೋಡಿ ಸಿಸ್ಟಮ್ ವಿಂಡೋನ ಅಲ್ಲಿಲ್ಲಿ ಇಡತ್ತೆ. 370–371 ಪೂರ್ತಿ ಸ್ಕ್ರೀನಿನ ಲೆಕ್ಕ, ವಿಂಡೋ ಒಳಗಿನ ಲೆಕ್ಕ ಬೇಕಂದ್ರೆ 382–383. ಇನ್ನೊಂದು ವಿಚಿತ್ರ ನೋಡಿದ್ದು 27 ಸಾಲು 132 ಕಾಲಂ ಸ್ಕ್ರೀನಲ್ಲಿ: ಎಡಗಡೆ ಎಲ್ಲ ಸರಿ, ಬಲ ಅಂಚಿನ ಫೀಲ್ಡಲ್ಲಿ ಮಾತ್ರ ಎಫ್ 4 ಕೆಲಸ ಮಾಡಲ್ಲ. ಡಿಬಗ್ಗಲ್ಲಿ ಕಾಲಂ ಬೆಲೆ -126. ಕಾಲಂ ಬೈಟನ್ನ ಸೈನ್ಡ್ ಇಂಟಿಜರ್, ಅಂದ್ರೆ 3ಐ ಅಂತ ಡಿಫೈನ್ ಮಾಡಿದ್ರು, ಒಂದು ಬೈಟ್ ಸೈನ್ಡ್ ಅಂದ್ರೆ 127ಕ್ಕಿಂತ ಮೇಲೆ ಹೋಗಲ್ಲ, 130 ಬಂದ್ರೆ -126 ಆಗತ್ತೆ. 3ಯು ಮಾಡಿದ್ರೆ ಮುಗೀತು. 80 ಕಾಲಂ ಸ್ಕ್ರೀನಲ್ಲಿ ಇಪ್ಪತ್ತು ವರ್ಷ ಓಡಿದ್ರೂ ಈ ತಪ್ಪು ಕಾಣಿಸ್ಕೊಳ್ಳಲ್ಲ.

ಹೆಸರು ಸರಿಯಾಗೇ ಬಂದು ಹೋಲಿಕೆ ಮಾತ್ರ ಫೇಲ್ ಆಗ್ತಿದ್ರೆ ಎರಡು ನೋಡಿ. ಬರೋ ಹೆಸರು ಯಾವಾಗ್ಲೂ ಕ್ಯಾಪಿಟಲ್ ಅಕ್ಷರದಲ್ಲಿ, ನಿಮ್ಮ ಕೋಟ್ಸ್ ಒಳಗಿನ ಹೆಸರು ಸ್ಮಾಲ್ ಅಕ್ಷರದಲ್ಲಿದ್ರೆ ಹೊಂದಲ್ಲ. ಮತ್ತೆ ಪ್ರೋಗ್ರಾಂನಲ್ಲಿ ಫೈಲ್‌ಗೆ ಪ್ರಿಫಿಕ್ಸ್ (ಫೀಲ್ಡ್ ಹೆಸರುಗಳ ಮುಂದೆ ಸೇರಿಸೋ ಅಕ್ಷರ) ಹಾಕಿದ್ರೆ ಕೋಡಲ್ಲಿ ನೀವು ಬರೆಯೋ ಫೀಲ್ಡ್ ಹೆಸರು ಬೇರೆ, ಕರ್ಸರ್ ಕೀವರ್ಡ್ ಕೊಡೋದು ಡಿಡಿಎಸ್‌ನಲ್ಲಿರೋ ಮೂಲ ಹೆಸರು, ಅದರ ಜೊತೆಗೇ ಹೋಲಿಸಬೇಕು.

ಕೊನೇದು, ಲಿಸ್ಟಿಂದ ಆರಿಸಿ ವಾಪಸ್ ಬಂದಾಗ ಕರ್ಸರ್ ಸ್ಕ್ರೀನಿನ ಮೊದಲ ಫೀಲ್ಡಿಗೆ ಓಡಿಹೋಗೋದು. ಇದನ್ನ ಯಾರೂ ಟಿಕೆಟ್ ಹಾಕಿ ಹೇಳಲ್ಲ, ಟ್ಯಾಬ್ ಒತ್ತಿ ಒತ್ತಿ ಮತ್ತೆ ತಮ್ಮ ಸಾಲಿಗೆ ಹೋಗ್ತಾರೆ, ದಿನಕ್ಕೆ ನೂರಾರು ಸಲ. ರೀಡ್ ಆದ ತಕ್ಷಣ 370–371ರಿಂದ ತೆಗೆದಿಟ್ಟ ಸಾಲು, ಕಾಲಮ್‌ನ, ಸಿಎಸ್‌ಆರ್‌ಎಲ್‌ಒಸಿ ಕೀವರ್ಡಿನ ಎರಡು 3 ಅಂಕಿಯ ಹಿಡನ್ ಫೀಲ್ಡ್‌ಗೆ ತುಂಬಿ, ಪ್ರಾಂಪ್ಟಿಂದ ಬಂದಾಗ ಮಾತ್ರ ಆನ್ ಆಗೋ ಇಂಡಿಕೇಟರ್ ಮೇಲೆ ಕೊಡಿ, ಕರ್ಸರ್ ಹೊರಟ ಜಾಗಕ್ಕೇ ಬಂದು ನಿಲ್ಲತ್ತೆ. ಮೇಡಂ ಅವರ ಸ್ಕ್ರೀನಿಗೆ ಮುಖ್ಯ ರಿಪೇರಿ ಜೊತೆ ಇದನ್ನೂ ಸೇರಿಸಿ ಸಂಜೆ ಹಾಕಿದ್ವಿ. ಮಾರನೇ ದಿನ ನಾನೇ ಫೋನ್ ಮಾಡಿ ಕೇಳ್ದಾಗ ಅವರು ಎಫ್ 4 ವಿಷಯ ಎತ್ತಲೇ ಇಲ್ಲ, "ಸರ್, ಈಗ ಕರ್ಸರ್ ನನ್ನ ಸಾಲಲ್ಲೇ ಇರತ್ತೆ, ಎಷ್ಟು ಚೆನ್ನಾಗಿದೆ" ಅಂದ್ರು, ಮೂಲೆಯ ನಂಬರ್ ಎಷ್ಟಿದೆ ಮೇಡಂ ಅಂದೆ, "12/031" ಅಂತ ಓದಿದ್ರು.